ಕಲಿಸಿದವರಿಗೆ ಹುಡುಗರು ಹಾಕಿದ ಮಾರ್ಕು

ರಾಯಚೂರು

ಇಂಗ್ಲೆಂಡಿಗೆ ಹೋಗುವ ಯೋಗ್ಯತೆ ನಮ್ಮ ಕಾಲೇಜಿನಲ್ಲಿ ಇಬ್ಬರಿಗಿತ್ತು. ಒಬ್ಬರು ಇತಿಹಾಸದ ದೇಸಾಯಿ ಮಾಸ್ತರು, ಇನ್ನೊಬ್ಬರು ಅರ್ಥಶಾಸ್ತ್ರದ ಕುಲಕರ್ಣಿ ಮಾಸ್ತರು. ಇಬ್ಬರ ಬಳಿಯೂ ಸೂಟು ಇತ್ತು. ಎಂಬತ್ತರ ದಶಕದ ಆರಂಭದ ಮಾತು ಇದು. ಹಿಂದುಳಿದ ಜಿಲ್ಲೆಗಳ ಅಧ್ಯಾಪಕರು ಹೊರದೇಶಕ್ಕೆ ಹೋಗಿ ಆಧುನಿಕ ಬೋಧನಾ ವಿಧಾನ ಕಲಿತು ಬರಲಿ ಎಂದು ದಿಲ್ಲಿಯಲ್ಲಿ ಯಾರಿಗೋ ಅನ್ನಿಸಿ, ನಮ್ಮ ಕಾಲೇಜಿಗೆ ಒಂದು ಸೀಟು ಬಂತು. ಸೀಟು ಒಂದು, ಸೂಟು ಎರಡು.

ಮಾಸ್ತರಿಬ್ಬರೂ ಸ್ಟಾಫ್ ರೂಮಿನಲ್ಲಿ 'ನೀವ ಹೋಗ್ರಿ, ನೀವ ಹಿರಿಯರು' ಎಂದು ಒಬ್ಬರಿಗೊಬ್ಬರು ಉಪಚಾರ ಹೇಳುತ್ತಿದ್ದರು. ಸಂಜೆಯಾದರೆ ಬೇರೆ ಬೇರೆ ದಾರಿಯಿಂದ ಪ್ರಿನ್ಸಿಪಾಲರ ಮನೆಗೆ ಹೋಗುತ್ತಿದ್ದರು. ಒಂದು ಸಂಜೆ ಇಬ್ಬರೂ ಗೇಟಿನಲ್ಲೇ ಡಿಕ್ಕಿ ಹೊಡೆದುಕೊಂಡ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ನಾಗಮ್ಮ ಮೇಡಂ, ನೀವ ಹೋಗಿ ಬರ್ರಿ. ನಿಮ್ದು ಭೂಗೋಳ ಹೌದಿಲ್ರಿ? ಭೂಗೋಳದಾಗ ಇಂಗ್ಲೆಂಡು ಅದ."

ಹೀಗೆ ಅರ್ಹತೆಯ ಆಧಾರದ ಮೇಲೆ ನನ್ನ ಆಯ್ಕೆಯಾಯಿತು. ಇಬ್ಬರಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಪ್ರಿನ್ಸಿಪಾಲರ ಮೇಲೆ ಅರ್ಜಿ ಹಾಕುತ್ತಿದ್ದರು. ನಾನು ಹೋದರೆ ಇಬ್ಬರೂ ಸಮನಾಗಿ ನೊಂದುಕೊಳ್ಳುತ್ತಾರೆ, ಅದರಲ್ಲೂ ಜೊತೆಯಾಗಿ. ಆ ದಿನದಿಂದ ದೇಸಾಯಿ ಮತ್ತು ಕುಲಕರ್ಣಿ ಮಾಸ್ತರು ಒಂದೇ ಟೇಬಲ್ಲಿನಲ್ಲಿ ಚಹಾ ಕುಡಿಯತೊಡಗಿದರು. ನನ್ನ ಪ್ರವಾಸದಿಂದ ಕಾಲೇಜಿಗೆ ಆದ ಮೊದಲ ಉಪಕಾರ ಅದು.

ದೇವದುರ್ಗ

ಹೇಳಿ ಬರಲು ಊರಿಗೆ ಹೋದೆ. ನಮ್ಮ ಓಣಿಯಲ್ಲಿ ಮೆಟ್ರಿಕ್ ದಾಟಿದ ಮೊದಲ ಹೆಣ್ಣುಮಗಳು ನಾನು. ಎರಡನೆಯವಳಿಗೆ ಓಣಿ ಇನ್ನೂ ಕಾಯುತ್ತಿತ್ತು. ನಮ್ಮವ್ವ ಮಂದಿ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು. ಆಕೆಯನ್ನು ಒಪ್ಪಿಸುವುದು ದಿಲ್ಲಿಯವರನ್ನು ಒಪ್ಪಿಸಿದಷ್ಟು ಸುಲಭವಲ್ಲ.

"ಕಲಸಾಕ ಹೊಂಟೀಯೋ, ಕಲಿಯಾಕ ಹೊಂಟೀಯೋ?" ಎಂದಳು.

"ಕಲಸೋದು ಹೆಂಗಂತ ಕಲಿಯಾಕ, ಯವ್ವಾ."

"ಹಂಗಾರ ಇಷ್ಟು ವರ್ಷ ಏನ್ ಮಾಡಾಕತ್ತಿದ್ದಿ ಬೇ, ಆ ಮಕ್ಕಳ ಮುಂದ ನಿಂತು?"

ದಿಲ್ಲಿಯ ಆಯ್ಕೆ ಸಮಿತಿಯವರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಕೈತೊಳೆಯುವ ನೆಪದಲ್ಲಿ ಎದ್ದುಹೋದೆ. ಬರುವಷ್ಟರಲ್ಲಿ ಅವ್ವ ತಿಂಗಳುಗಟ್ಟಲೆ ಕೆಡದ ಗಟ್ಟಿ ಕಟಕಲು ರೊಟ್ಟಿ ಸುಡಲು ಕೂತಿದ್ದಳು. ಆಕೆಯ ಲೆಕ್ಕದಲ್ಲಿ ಅದೇ ಅಪ್ಪಣೆ.

ಲಂಡನ್

ವಿಮಾನ ನಿಲ್ದಾಣದ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆರೆದು ರೊಟ್ಟಿಯ ಗಂಟು ಎತ್ತಿ ಹಿಡಿದ. "ಇದೇನು?"

"ಬ್ರೆಡ್," ಎಂದೆ.

ಆತ ಒಂದನ್ನು ತೆಗೆದು ಟೇಬಲ್ಲಿನ ಅಂಚಿಗೆ ತಟ್ಟಿದ. ಟಣ್ ಎಂದಿತು. ಆತನ ಮುಖದಲ್ಲಿ ಸಂಶಯ ಬಲವಾಯಿತು. ಇನ್ನೊಬ್ಬನನ್ನು ಕರೆದ. ಅವನೂ ತಟ್ಟಿದ. ಎರಡು ಶತಮಾನ ನಮ್ಮನ್ನು ಆಳಿದ ಜನ, ಜೋಳದ ರೊಟ್ಟಿ ಯಾವ ಕಡೆಯಿಂದ ತಿನ್ನುತ್ತಾರೆ ಎಂಬುದನ್ನು ಮಾತ್ರ ತಿಳಿದುಕೊಂಡಿರಲಿಲ್ಲ. ನಿಜಾಮನ ರಾಜ್ಯದಲ್ಲಿದ್ದ ನಮ್ಮ ಕಡೆ ಅವರು ಅಷ್ಟಾಗಿ ಬರಲಿಲ್ಲ ಎಂದು ಕ್ಷಮಿಸಿಬಿಟ್ಟೆ. ಕೊನೆಗೆ ಅಲ್ಲೇ ನಿಂತು ಒಂದು ರೊಟ್ಟಿ ಮುರಿದು ತಿಂದು ತೋರಿಸಬೇಕಾಯಿತು. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡುತ್ತಿದ್ದರು. ಶೇಂಗಾ ಚಟ್ನಿಪುಡಿಯ ಪೊಟ್ಟಣ ಬಿಚ್ಚಿ ಮೂಸಿದ ಅಧಿಕಾರಿ ಒಂದೇ ಸಮ ಸೀನಿ, ಹೋಗಿ ಎಂದು ಕೈ ಮಾಡಿದ.

ಉತ್ತರದ ಊರು

ನಾನು ಹೋದ ವಿಶ್ವವಿದ್ಯಾಲಯ ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿದೆ. ಹೆಸರು ಬೇಡ. ಅಲ್ಲಿಯವರು ಬಹಳ ಮರ್ಯಾದಸ್ಥರು, ಮರ್ಯಾದೆ ಉಳಿಯಲಿ.

ಭೂಗೋಳ ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಗ್ರೇಸನ್. ಮೊದಲ ದಿನ ಕೈ ಕುಲುಕಿ, "ಇಂಡಿಯಾ! ಎಷ್ಟು ಚೆಂದ! ಯಾವ ತರಗತಿಗೆ ಬೇಕಾದರೂ ಹೋಗಿ ಕುಳಿತುಕೊಳ್ಳಿ" ಎಂದರು. ಆಮೇಲೆ ಹಲವು ವಾರ ನನ್ನನ್ನು ನೋಡಲೇ ಇಲ್ಲ. ನನಗೆ ಕೊಟ್ಟ ಕುರ್ಚಿ ಮೆಟ್ಟಿಲ ಬಳಿ, ಕೋಟು ತೂಗುಹಾಕುವ ಗೂಟಗಳ ಕೆಳಗಿತ್ತು. ಮಳೆಯಲ್ಲಿ ನೆನೆದು ಬಂದವರು ಕೋಟು ತಂದು ನನ್ನ ತಲೆಯ ಮೇಲಿನ ಗೂಟಕ್ಕೆ ಹಾಕುತ್ತಿದ್ದರು. ಹನಿ ಬಿದ್ದಾಗ ನಾನು ತಲೆ ಎತ್ತಿದರೆ 'ಸಾರಿ' ಎನ್ನುತ್ತಿದ್ದರು. ಕೋಟು ಮಾತ್ರ ತೆಗೆಯುತ್ತಿರಲಿಲ್ಲ.

ಸಾರಿ ಎಂಬ ಮಾತು ಅಲ್ಲಿ ಉಸಿರಿನ ಹಾಗೆ. ನಾವು ಅವರ ಕಾಲು ತುಳಿದರೂ ಅವರೇ ಸಾರಿ ಕೇಳುತ್ತಾರೆ. ಬಾಗಿಲಿಗೆ ಹಣೆ ಬಡಿದುಕೊಂಡವರೊಬ್ಬರು ಬಾಗಿಲಿಗೇ ಸಾರಿ ಹೇಳಿದ್ದನ್ನು ಕಂಡಿದ್ದೇನೆ. ಆದರೆ ಇಡೀ ದಿನ ಪಕ್ಕದಲ್ಲಿ ಕೂತವರನ್ನು 'ಯಾರಮ್ಮಾ ನೀನು' ಎಂದು ಕೇಳುವುದು ಅಸಭ್ಯತನ. ನಮ್ಮ ದೇವದುರ್ಗದ ಬಸ್ಸು ರಾಯಚೂರು ಬಿಟ್ಟು ಪಕ್ಕದ ಹಳ್ಳಿ ಕಲ್ಮಲ ಮುಟ್ಟುವಷ್ಟರಲ್ಲಿ ಪಕ್ಕದಲ್ಲಿ ಕೂತ ಅಪರಿಚಿತೆಗೆ ನನ್ನ ಕುಲ, ಪಗಾರ, ಇನ್ನೂ ಮದುವೆ ಯಾಕಾಗಿಲ್ಲ ಎಂಬುದೆಲ್ಲ ಗೊತ್ತಾಗಿರುತ್ತದೆ. ಆಗ ಕಿರಿಕಿರಿಯಾಗುತ್ತಿತ್ತು. ಆ ಕೋಟುಗಳ ಕೆಳಗೆ ಕುಳಿತು ಆ ಬಸ್ಸಿನ ಹೆಂಗಸರನ್ನೇ ನೆನೆಸಿಕೊಳ್ಳುತ್ತಿದ್ದೆ.

ಮಾಡಲು ಬೇರೇನೂ ಇಲ್ಲದೆ ಎಲ್ಲ ತರಗತಿಗಳಿಗೂ ಹೋದೆ. ಸೀರೆಯ ಮೇಲೆ ಕೋಟು ತೊಟ್ಟು ಕೊನೆಯ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಒಬ್ಬರು ಅಧ್ಯಾಪಕರು ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸು ತೆಗೆದು, ತಲೆ ಎತ್ತದೆ ಗಂಟೆಯುದ್ದಕ್ಕೂ ಓದಿದರು. ನನಗೆ ಮನೆ ಸಿಕ್ಕಂತಾಯಿತು. ಸಾವಿರಾರು ಮೈಲಿ ದೂರ ಬಂದರೂ ಕುಲಕರ್ಣಿ ಮಾಸ್ತರು ಕೈಬಿಟ್ಟಿರಲಿಲ್ಲ.

ಅದೇ ಊರು, ಎರಡನೇ ತಿಂಗಳು

ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಕುರ್ಚಿ ಹೀಟರಿನ ಪಕ್ಕದಲ್ಲಿತ್ತು. ಅದರ ಮೇಲೆ ದಿಂಬು. ಗ್ರೇಸನ್ ತಾವೇ ಚಹಾ ತಂದುಕೊಟ್ಟು, "ಮಿಸ್ ನಾಗಮ್ಮ, ಇಲ್ಲಿ ಬೆಚ್ಚಗಿದೆಯೇ?" ಎಂದರು. ನನ್ನ ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಹಳದಿ ನೋಟ್ಸಿನವರು ಊಟಕ್ಕೆ ಕರೆದರು. ಮಣ್ಣಿನ ಬಗ್ಗೆ ಪಾಠ ಮಾಡುವವರೊಬ್ಬರು ಕಾರಿಡಾರಿನಲ್ಲಿ ನಿಲ್ಲಿಸಿ, "ಮಂಗಳವಾರದ ನನ್ನ ಕ್ಲಾಸು ಅಷ್ಟಕ್ಕಷ್ಟೇ. ಗುರುವಾರ ಬನ್ನಿ" ಎಂದು ಗುಟ್ಟಾಗಿ ಹೇಳಿದರು. ಗುರುವಾರ ಹೋದರೆ ಪರದೆಯ ಮೇಲೆ ದಖ್ಖನದ ಕಪ್ಪು ಮಣ್ಣಿನ ಚಿತ್ರಗಳು! ಪ್ರತಿ ವಾಕ್ಯದ ಕೊನೆಗೆ ಆತ ಹಿಂದಿನ ಬೆಂಚಿನ ಕಡೆ ನೋಡಿ, "ಹೌದಲ್ಲವೇ?" ಎನ್ನುತ್ತಿದ್ದರು. ಹುಡುಗರೆಲ್ಲ ತಿರುಗಿ ನನ್ನನ್ನು ನೋಡುತ್ತಿದ್ದರು. ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ನಮ್ಮ ತಲೆಯಾಡಿಸುವಿಕೆ ಹೌದೋ ಅಲ್ಲವೋ ಎಂದು ತಿಳಿಯದೆ ಆತನ ಹಣೆ ಬೆವರುತ್ತಿತ್ತು.

ಭಾರತದ ಮೇಲೆ ಇವರಿಗೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಹೇಗೆ ಉಕ್ಕಿತು ಎಂಬುದನ್ನು ಬಿಡಿಸಿ ಹೇಳಿದವನು ಕೀತ್ ಎಂಬ ವಿದ್ಯಾರ್ಥಿ. ವಿದ್ಯಾರ್ಥಿ ಸಂಘದ ಮುಂದಾಳು, ಹರಕು ಸ್ವೆಟರು, ಕೂದಲು ಭುಜದವರೆಗೆ. ನಮ್ಮಲ್ಲಾದರೆ ಹಾಜರಿ ಕೂಗುವ ಮೊದಲೇ ಹೊರಗೆ ಕಳಿಸುತ್ತಿದ್ದರು.

"ಈ ವರ್ಷದಿಂದ ನಾವೊಂದು ಬಹುಮಾನ ಕೊಡುತ್ತಿದ್ದೇವೆ," ಎಂದ. "ಎಲ್ಲರಿಗಿಂತ ಚೆನ್ನಾಗಿ ಕಲಿಸುವವರಿಗೆ. ಆರಿಸುವವರು ವಿದ್ಯಾರ್ಥಿಗಳು ಮಾತ್ರ. ಪ್ರೊಫೆಸರುಗಳಿಗೆ ಅದರಲ್ಲಿ ಬಾಯಿ ಹಾಕಲು ಬಿಡುವುದಿಲ್ಲ."

"ಅಂದರೆ ನೀವು ಅವರಿಗೆ ಮಾರ್ಕು ಹಾಕುತ್ತೀರಿ?"

"ಅವರು ನಮಗೆ ಹಾಕುವುದಿಲ್ಲವೇ?"

ನಾನು ಬೆಂಚಿನ ಅಂಚು ಹಿಡಿದುಕೊಂಡೆ. ನಮ್ಮಲ್ಲೂ ಶ್ರೇಷ್ಠ ಅಧ್ಯಾಪಕರಿಗೆ ಪ್ರಶಸ್ತಿ ಇದೆ. ಅರ್ಜಿ ಅಧ್ಯಾಪಕರೇ ಹಾಕಬೇಕು, ಶಿಫಾರಸು ದೊಡ್ಡವರದಿರಬೇಕು, ಹಾರ ಮಂತ್ರಿಗಳು ಹಾಕಬೇಕು. ಈ ಇಡೀ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗೆ ಒಂದು ಕೆಲಸವಿದೆ, ಕುರ್ಚಿ ಹೊರುವುದು. ಪಾಠ ಕೇಳಿದವನನ್ನೇ ಪಾಠ ಹೇಗಿತ್ತು ಎಂದು ಕೇಳುವ ಉಪಾಯ ನಮ್ಮ ಮೇಧಾವಿಗಳಿಗೆ ಹೊಳೆದೇ ಇರಲಿಲ್ಲ.

"ಸರಿ, ಅದಕ್ಕೂ ನನ್ನ ದಿಂಬಿಗೂ ಏನು ಸಂಬಂಧ?"

ಕೀತ್ ನಕ್ಕ. "ಹೊರಗಿನ ಪರಿವೀಕ್ಷಕಿಯೊಬ್ಬರನ್ನು ನಾವು ಗುಟ್ಟಾಗಿ ಕರೆಸಿದ್ದೇವೆ ಅಂತ ಸುದ್ದಿ ಹಬ್ಬಿದೆ. ಅದು ನೀವೇ ಎಂದು ಅವರ ನಂಬಿಕೆ."

ಕೂಡಲೇ ಹೋಗಿ ಸತ್ಯ ಹೇಳಿಬಿಡುತ್ತೇನೆಂದು ಎದ್ದೆ. ಆತ ಕೈ ಮುಗಿಯುವುದೊಂದು ಬಾಕಿ. "ದಯವಿಟ್ಟು ಬೇಡ. ನೀವು ಬಂದು ಕೂರತೊಡಗಿದ ಮೇಲೆ ಪಾಠಗಳು ಎಷ್ಟು ಸುಧಾರಿಸಿವೆ ಗೊತ್ತೇ? ಮತ ಹಾಕುವವರೆಗೆ ಸುಮ್ಮನೆ ಇದ್ದುಬಿಡಿ."

ನಾನು ಸುಮ್ಮನಿದ್ದೆ. ಹೀಟರು ಬಹಳ ಬೆಚ್ಚಗಿತ್ತು.

ಜೂಡಿತ್‌ಳ ತರಗತಿ

ನನ್ನ ಕೀರ್ತಿ ಮುಟ್ಟದ ಒಂದೇ ಕೋಣೆ ಇತ್ತು. ಅದು ನೆಲಮಾಳಿಗೆಯಲ್ಲಿತ್ತು. ಅಲ್ಲಿ ನದಿಗಳ ಬಗ್ಗೆ ಪಾಠ ಮಾಡುತ್ತಿದ್ದವಳು ಜೂಡಿತ್. ವಯಸ್ಸು ನನ್ನಷ್ಟೇ. ತಾತ್ಕಾಲಿಕ ನೌಕರಿಯವಳಾದ್ದರಿಂದ ಅಧ್ಯಾಪಕರ ಚಹಾ ಕೋಣೆಗೆ ಅವಳು ಹೋಗುತ್ತಿರಲಿಲ್ಲ. ಹಾಗಾಗಿ ಗಾಳಿಸುದ್ದಿಯೂ ಅವಳನ್ನು ಮುಟ್ಟಿರಲಿಲ್ಲ.

ಅಂದು ನಾನು ತಡವಾಗಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಜೂಡಿತ್ ಮಾತು ನಿಲ್ಲಿಸಿದಳು.

"ಇದು ನೋಡುವ ಆಟವಲ್ಲ. ಕೂತವರು ಕೆಲಸ ಮಾಡಬೇಕು. ನಿಮ್ಮ ಊರಿನಲ್ಲಿ ನದಿ ಇದೆಯೇ?"

"ಎರಡಿವೆ," ಎಂದೆ, ಸ್ವಲ್ಪ ಜಂಬದಿಂದಲೇ. "ಜಿಲ್ಲೆಗೆ ಎರಡೂ ಕಡೆ."

ಸೀಮೆಸುಣ್ಣ ನನ್ನ ಕೈಗೆ ಬಂತು. ಕೃಷ್ಣೆಯನ್ನೂ ತುಂಗಭದ್ರೆಯನ್ನೂ ಬರೆದೆ, ನಡುವೆ ರಾಯಚೂರು, ದೇವದುರ್ಗ ಎಂದು ಎರಡು ಚುಕ್ಕೆ ಇಟ್ಟೆ. ಭಾಷಣ ಶುರು ಮಾಡಲು ಬಾಯಿ ತೆರೆದೆ. ಜೂಡಿತ್ ಕೈ ಅಡ್ಡ ಹಿಡಿದಳು. "ನೀವು ಹೇಳಬೇಡಿ. ಅವರು ಪ್ರಶ್ನೆ ಕೇಳಲಿ."

ಒಂದು ಹುಡುಗಿ ಕೇಳಿದಳು: "ಎರಡು ನದಿಗಳ ನಡುವೆ ಇದ್ದೂ ಅಲ್ಲಿಯ ಜನರಿಗೆ ನೀರಿನ ತೊಂದರೆ ಇದೆಯೇ?" ಇದೆ ಎಂದೆ. ಯಾಕೆ? ನದಿ ತಗ್ಗಿನಲ್ಲಿದೆ, ಹೊಲ ಎತ್ತರದಲ್ಲಿದೆ ಎಂದೆ. ಹಾಗಾದರೆ ಜನ ಊರನ್ನು ಅಷ್ಟು ದೂರ ಯಾಕೆ ಕಟ್ಟಿದರು? ಇನ್ನೊಬ್ಬ ಎದ್ದು ಅದಕ್ಕೆ ತನ್ನದೇ ಉತ್ತರ ಕೊಟ್ಟ. ಮೊದಲಿನವಳು ಒಪ್ಪಲಿಲ್ಲ. ದೇವದುರ್ಗದ ಹೆಸರಿಗೆ ನಾಲಿಗೆ ಹೊರಳದ ಮಕ್ಕಳು ದೇವದುರ್ಗದ ಬಾವಿಗಳ ಬಗ್ಗೆ ಜಗಳವಾಡತೊಡಗಿದರು. ಜೂಡಿತ್ ಕಿಟಕಿಗೆ ಒರಗಿ ನಿಂತಿದ್ದಳು. ಇಡೀ ಗಂಟೆಯಲ್ಲಿ ಅವಳು ಆಡಿದ ಮಾತು ಕಡಿಮೆ, ಕೊನೆಗೆ ತಪ್ಪು ಎಲ್ಲಿ ಸರಿ ಎಲ್ಲಿ ಎಂದು ಕಟ್ಟಿಕೊಟ್ಟಿದ್ದು ಅಷ್ಟೇ. ಆದರೆ ಹೊರಗೆ ಬಂದ ಮೇಲೂ ಅವರು ಮೆಟ್ಟಿಲ ಮೇಲೆ ನಿಂತು ವಾದಿಸುತ್ತಿದ್ದರು.

ನಮ್ಮವ್ವ ಕೇಳಿದ ಪ್ರಶ್ನೆ ಅಂದು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಮರುದಿನ ಕೀತ್‌ಗೆ ಹೇಳಿದೆ, ನಿಮ್ಮ ಬಹುಮಾನ ಯಾರಿಗೆ ಹೋಗಬೇಕೆಂದು ನನಗೆ ಗೊತ್ತಾಯಿತು ಎಂದು. ಆತ ನಗಲಿಲ್ಲ.

"ನಮಗೂ ಗೊತ್ತು. ಅದಕ್ಕೇ ಇದನ್ನು ಶುರು ಮಾಡಿದ್ದು. ಖರ್ಚು ಕಡಿಮೆ ಮಾಡಬೇಕಂತೆ. ಬೇಸಿಗೆಗೆ ಅವಳನ್ನು ತೆಗೆದುಹಾಕುತ್ತಾರೆ. ಇಡೀ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಸುವವಳು ಎಂದು ಎಲ್ಲರೆದುರು ಹೇಳಿದ ಮೇಲೆ ಹೇಗೆ ತೆಗೆಯುತ್ತಾರೆ, ನೋಡೋಣ."

ಇಪ್ಪತ್ತರ ಪ್ರಾಯ. ಆಡಳಿತಕ್ಕೆ ನಾಚಿಕೆ ಎಂಬುದಿರುತ್ತದೆ ಎಂದು ಇನ್ನೂ ನಂಬಿದ್ದ.

ಬಹುಮಾನದ ದಿನ

ಸಮಾರಂಭ ವಿದ್ಯಾರ್ಥಿ ಸಂಘದ ಸಭಾಂಗಣದಲ್ಲಿ. ದೀಪ ಬೆಳಗಿಸಲಿಲ್ಲ, ಸ್ವಾಗತ ಗೀತೆ ಇಲ್ಲ, ಪರಿಚಯ ಭಾಷಣವಿಲ್ಲ. ಇಂಥ ಕಾರ್ಯಕ್ರಮ ನಡೆಯಿತೆಂದು ಯಾರಾದರೂ ನಂಬುತ್ತಾರೆಯೇ ಎಂದು ನನಗೆ ಚಿಂತೆಯಾಯಿತು. ಹುಡುಗರು ಒಂದು ಕೈಯಲ್ಲಿ ಬಿಯರು ಹಿಡಿದು ಇನ್ನೊಂದು ಕೈಯಲ್ಲಿ ಗುರುಗಳಿಗೆ ಕೈ ಕುಲುಕುತ್ತಿದ್ದರು.

ಗ್ರೇಸನ್ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದರು: "ನನ್ನದು ಹೇಗಿದೆ? ಸುಮಾರಾಗಿ ಹೇಳಿದರೂ ಸಾಕು."

"ಸಾರಿ," ಎಂದೆ. ಆ ದೇಶದಲ್ಲಿ ಕಲಿತ ವಿದ್ಯೆ ಅಲ್ಲೇ ಉಪಯೋಗಕ್ಕೆ ಬಂತು.

ಕೀತ್ ಕುರ್ಚಿಯ ಮೇಲೆ ಹತ್ತಿ ಜೂಡಿತ್‌ಳ ಹೆಸರು ಕೂಗಿದ. ಕಿಟಕಿಯ ಗಾಜು ನಡುಗುವಂತೆ ಚಪ್ಪಾಳೆ. ಅವಳು ಕಿವಿಯವರೆಗೆ ಕೆಂಪಾಗಿ ಮುಂದೆ ಬಂದಳು. ಗಾಜಿನ ಒಂದು ಬಟ್ಟಲು ಕೈಗಿಟ್ಟು ಕುಲಪತಿಗಳು ಮಾತಾಡಿದರು. ಇಂಥ ಅಧ್ಯಾಪಕಿಯೇ ನಮ್ಮ ವಿಶ್ವವಿದ್ಯಾಲಯದ ಆತ್ಮ ಎಂದರು. ಚಪ್ಪಾಳೆ ಇಳಿದ ಮೇಲೆ ಕೀತ್ ಕೇಳಿದ:

"ಹಾಗಾದರೆ ಮುಂದಿನ ವರ್ಷವೂ ಇವರು ನಮಗೆ ಪಾಠ ಮಾಡುತ್ತಾರಲ್ಲವೇ?"

ಕುಲಪತಿಗಳ ನಗು ಮಾಸಲಿಲ್ಲ. ಇದು ಸಂಭ್ರಮದ ಗಳಿಗೆ, ನೇಮಕಾತಿಯ ವಿಷಯಗಳಿಗೆ ಬೇರೆ ವೇದಿಕೆ ಇದೆ, ಜೂಡಿತ್ ಎಲ್ಲಿಗೆ ಹೋದರೂ ನಮ್ಮ ಶುಭಾಶಯ ಅವರ ಜೊತೆಗಿದೆ ಎಂದರು. ಎಲ್ಲಿಗೆ ಹೋದರೂ ಎಂಬ ಮಾತು ಬಿದ್ದಾಗ ಬಿಯರು ಹಿಡಿದ ಕೈಗಳು ಕೆಳಗಿಳಿದವು. ಕೀತ್ ಕುರ್ಚಿಯಿಂದ ಇಳಿದ.

ಜೂಡಿತ್ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ಧನ್ಯವಾದ. ಗುರುವಾರ ತರಗತಿ ಇದೆ. ಬಿಯರು ಕುಡಿದವರೂ ಬರಬೇಕು." ಅಷ್ಟೇ ಅವಳ ಭಾಷಣ.

ಹೊರಡುವ ಮುನ್ನ ಕುಲಪತಿಗಳು ನನ್ನ ಬಳಿ ನಿಂತು, "ನೀವೇ ಪರಿವೀಕ್ಷಕಿಯಂತೆ. ನಿಮ್ಮ ಅಭಿಪ್ರಾಯ?" ಎಂದರು.

"ನಮ್ಮ ಜಿಲ್ಲೆಯಲ್ಲೂ ಹೀಗೇ, ಸ್ವಾಮಿ," ಎಂದೆ. "ಹಾರ ಹಾಕಿದರೆಂದರೆ ಆ ಮನುಷ್ಯನಿಗೆ ವರ್ಗವಾಗಿದೆ ಎಂದೇ ಅರ್ಥ. ಆದರೆ ನಾವು ಮೊದಲು ತೆಗೆದು ಆಮೇಲೆ ಹೊಗಳುತ್ತೇವೆ. ನೀವು ಹೊಗಳಿ ತೆಗೆಯುತ್ತೀರಿ. ನಿಮ್ಮದು ಆಧುನಿಕ ವಿಧಾನ."

ಬಹಳ ಚೆನ್ನಾಗಿದೆ ಎಂದು ಅವರು ಗಹಗಹಿಸಿ ನಕ್ಕರು.

ಹೊರಡುವ ಹಿಂದಿನ ದಿನ ಜೂಡಿತ್ ನನ್ನನ್ನು ಅವರ ಊರಿನ ನದಿಗೆ ಕರೆದೊಯ್ದಳು. ನಮ್ಮಲ್ಲಾದರೆ ಅದನ್ನು ಹಳ್ಳ ಎನ್ನುತ್ತಾರೆ, ಆದರೆ ಹೇಳಲಿಲ್ಲ. ಬೇರೊಂದು ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿದೆ ಎಂದಳು. "ಹನ್ನೆರಡು ಹದಿಮೂರರ ಮಕ್ಕಳು. ಅವರು ಬಟ್ಟಲು ಗಿಟ್ಟಲು ಕೊಡುವುದಿಲ್ಲ. ಬೇಜಾರಾದರೆ ಮುಖದ ಮೇಲೇ ಆಕಳಿಸುತ್ತಾರೆ."

"ಕೀತ್ ಬಹಳ ನೊಂದಿದ್ದಾನೆ," ಎಂದೆ.

"ಗೊತ್ತು. ನಿನ್ನೆ ಬಂದಿದ್ದ. ತಾವು ಸೋತೆವು ಅಂದುಕೊಂಡಿದ್ದಾರೆ ಹುಡುಗರು." ಅವಳು ನೀರಿಗೆ ಒಂದು ಕಲ್ಲು ಎಸೆದಳು. "ಕಲಿಸಿದ್ದು ತಲುಪಿತೋ ಇಲ್ಲವೋ ಅಂತ ಗೊತ್ತಾಗದೆಯೇ ನಿವೃತ್ತರಾಗುವವರು ಎಷ್ಟು ಜನ! ನನಗೆ ಮಾತ್ರ, ತಲುಪಿತು ಎಂದು ನನ್ನ ಹುಡುಗರೇ ಹೇಳಿ ಬೀಳ್ಕೊಟ್ಟರು."

ಮತ್ತೆ ರಾಯಚೂರು

ಸ್ಟಾಫ್ ರೂಮಿನಲ್ಲಿ ನನ್ನ ವರದಿ ಕೇಳಲು ಎಲ್ಲರೂ ಸೇರಿದರು. ವಿದ್ಯಾರ್ಥಿಗಳು ಬಹುಮಾನ ಕೊಡುವ ಮಾತು ಬಂದಾಗ ದೇಸಾಯಿ ಮಾಸ್ತರು ಚಹಾದ ಕಪ್ಪನ್ನು ಬಸಿಯ ಮೇಲೆ ಕುಕ್ಕಿದರು.

"ಹುಡುಗ್ರು ನಮಗ ಮಾರ್ಕ್ ಹಾಕಾದಾ? ನಾಳೆ ಹಾಜರಿನೂ ಅವ್ರ ತಗೊಳ್ಳಿ! ನಾವು ಎದ್ದು ನಿಂತು 'ಹಾಜರ್ ಸಾಬ್' ಅಂತೀವಿ!"

ಕುಲಕರ್ಣಿ ಮಾಸ್ತರು ದೂರದೃಷ್ಟಿಯವರು. "ಅಲ್ರೀ ಮೇಡಂ, ಫೇಲಾದವ್ರಿಗೂ ಓಟ್ ಅದಯೇನ್ರಿ?" ಎಂದು ಕೇಳಿದರು. ಅದ ಎಂದೆ. ಅವರು ಎದ್ದು ತಮ್ಮ ಕ್ಲಾಸಿಗೆ ಹೊರಟರು.

ಪ್ರಿನ್ಸಿಪಾಲರು ಮಾತ್ರ ಖುಷಿಯಾದರು. "ಬಾಳ ಛಲೋ ಅದರೀ. ನಾವೂ ಮಾಡೂಣು. ಹುಡುಗ್ರ ಪರವಾಗಿ ಯಾರಿಗಿ ಕೊಡಬೇಕಂತ ನಾನ ಹೇಳ್ತೀನಿ." ಆ ವರ್ಷ ವಿದ್ಯಾರ್ಥಿಗಳ ಮೆಚ್ಚಿನ ಅಧ್ಯಾಪಕ ಪ್ರಶಸ್ತಿ ಪ್ರಿನ್ಸಿಪಾಲರಿಗೇ ಬಂತು. ವಿದ್ಯಾರ್ಥಿಗಳು ಕುರ್ಚಿ ಹೊತ್ತರು.

ಮಾನ್ವಿ

ನನ್ನ ತರಗತಿಯಲ್ಲಾದರೂ ಜೂಡಿತ್‌ಳ ದಾರಿ ಹಿಡಿಯೋಣ ಎಂದು ಹಟ ತೊಟ್ಟೆ. ಹಲಗೆಯ ಮೇಲೆ ನದಿ ಬರೆದು, "ಈಗ ನೀವು ಪ್ರಶ್ನೆ ಕೇಳಿ" ಎಂದು ಕಿಟಕಿಗೆ ಒರಗಿ ನಿಂತೆ. ಹುಡುಗರು ಎದ್ದು ನಿಂತರು. ಏನೋ ಶಿಕ್ಷೆ ಎಂದುಕೊಂಡಿದ್ದರು. ವಾರಗಟ್ಟಲೆ ಹೀಗೇ ನಡೆಯಿತು. ನಾನು ಮಾತು ನಿಲ್ಲಿಸುವುದು, ಅವರು ಉಸಿರು ನಿಲ್ಲಿಸುವುದು. ಮೇಡಂ ಇಂಗ್ಲೆಂಡಿಗೆ ಹೋಗಿ ಪಾಠ ಮಾಡೋದು ಮರೆತು ಬಂದಿದ್ದಾರೆ ಎಂದು ಕಾಲೇಜಿನಲ್ಲಿ ಸುದ್ದಿಯಾಯಿತು. ದೇಸಾಯಿ ಮಾಸ್ತರು ಕನಿಕರದಿಂದ ತಮ್ಮ ಡಾಕ್ಟರ ವಿಳಾಸ ಕೊಟ್ಟರು.

ಕೊನೆಗೊಂದು ದಿನ ಅವರನ್ನು ಬಸ್ಸಿನಲ್ಲಿ ಮಾನ್ವಿ ಕಡೆಗೆ ಕರೆದುಕೊಂಡು ಹೋದೆ. ಊರಾಚೆ ಕಾಲುವೆ, ಕಾಲುವೆಯ ಈಚೆ ಭತ್ತದ ಹಸಿರು, ಆಚೆ ಒಣಗಿದ ಕಪ್ಪು ಮಣ್ಣಿನ ಎರೆ ಹೊಲ. ದಂಡೆಯ ಮೇಲೆ ಕೂರಿಸಿ, ನೀರು ಇಲ್ಲಿಗೆ ಹೇಗೆ ಬಂತು, ಆ ಕಡೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಎಲ್ಲರೂ ನೀರನ್ನೇ ನೋಡಿದರು. ನೀರೂ ಉತ್ತರ ಹೇಳಲಿಲ್ಲ. ಇನ್ನು ಇದು ನನ್ನ ಕೈಯಲ್ಲಾಗದ ಕೆಲಸ, ಸುಮ್ಮನೆ ನೋಟ್ಸು ಬರೆಸಿಬಿಡೋಣ ಎಂದು ಎದ್ದೆ.

ಆಗ ಹುಲಿಗೆಮ್ಮ ಕೈ ಎತ್ತಿದಳು. ಮಾನ್ವಿಯವಳೇ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಹುಡುಗಿ. ಅವಳ ದನಿಯನ್ನು ಹಾಜರಿಯ ಹೊತ್ತು ಬಿಟ್ಟರೆ ನಾನು ಕೇಳಿರಲಿಲ್ಲ.

"ಮೇಡಂ, ಸಿಟ್ಟಿಗೇಳಬ್ಯಾಡ್ರಿ."

"ಇಲ್ಲವಾ, ಕೇಳು."

"ನನಗ ತಿಳಿವಲ್ದ್ರಿ."

ಅಷ್ಟು ವರ್ಷಗಳ ನೌಕರಿಯಲ್ಲಿ ಯಾವ ವಿದ್ಯಾರ್ಥಿಯೂ ನನ್ನೆದುರು ಆಡದಿದ್ದ ಮಾತು ಅದು. ಅವಳ ಪಕ್ಕದಲ್ಲೇ ಹೋಗಿ ಕೂತೆ.

"ಛಲೋ ಆತು. ಯಾವ್ದು ತಿಳಿವಲ್ದು ಹೇಳು, ಈ ಕಾಲುವಿದಾ?"

ಅವಳು ಗೆಳತಿಯರ ಮುಖ ನೋಡಿದಳು. ಗೆಳತಿಯರು ನೆಲ ನೋಡಿದರು.

"ಅಲ್ರಿ ಮೇಡಂ. ವರ್ಷದ ಮೊದ್ಲಿನಿಂದ ನೀವು ಹೇಳಿದ್ದು ಒಂದೂ ತಿಳಿದಿಲ್ರಿ. ಯಾರಿಗೂ ತಿಳಿದಿಲ್ರಿ."

ಉಳಿದವರು ಬೆಚ್ಚಿ ತಲೆ ಎತ್ತಿದರು. ಆಮೇಲೆ ಒಬ್ಬೊಬ್ಬರಾಗಿ ಹೌದು ಎಂಬಂತೆ ತಲೆಯಾಡಿಸಿದರು. ರಾಯಚೂರಿಗೆ ಹೋಗುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ನಾನು ಸೆರಗು ಸಿಕ್ಕಿಸಿ, ಬೇಲಿಯಿಂದ ಒಂದು ಕಡ್ಡಿ ಮುರಿದುಕೊಂಡು, ಎರೆಮಣ್ಣಿನ ಮೇಲೆ ಮೊದಲ ಪಾಠದ ಮೊದಲ ಗೆರೆ ಎಳೆದೆ.